ಗಂಗಾಧರಯ್ಯನವರ ಸನ್ಮಾನದ ಚಟ

ನಮ್ಮ ಹೆಡ್‌ಮಾಸ್ಟರು ಗಂಗಾಧರಯ್ಯನವರಿಗೆ ಕಾಫಿ ಚಟವಿಲ್ಲ, ಎಲೆಅಡಿಕೆ ಚಟವಿಲ್ಲ. ಇರುವುದು ಒಂದೇ, ಸನ್ಮಾನದ ಚಟ. ಅರಕಲಗೂಡು ಸೀಮೆಯ ನಮ್ಮ ಹೈಸ್ಕೂಲಿಗೆ ಅವರು ಬಂದ ಮೇಲೆ ಶಾಲು ಹೊದೆಸಿಕೊಳ್ಳದೆ ಉಳಿದಿರುವುದು ಬಾವುಟದ ಕಂಬ ಮಾತ್ರ. ಯಾರಿಗೋ ವರ್ಗವಾದರೆ ಸನ್ಮಾನ, ವರ್ಗ ತಪ್ಪಿದರೂ ಸನ್ಮಾನ. ಹೊಳೆನರಸೀಪುರದಿಂದ ಮೈಸೂರು ಪೇಟವೊಂದನ್ನು ಕೊಂಡು ತಂದು ಆಫೀಸಿನ ಬೀರುವಿನಲ್ಲೇ ಇಟ್ಟಿದ್ದಾರೆ. ತಲೆ ಬದಲಾಗುತ್ತದೆ, ಪೇಟ ಅದೇ. ಅಲ್ಲಿ ವಿಜ್ಞಾನ ಹೇಳಿಕೊಡುವ ನೇತ್ರಾ ನಾನು. ನನಗೂ ಒಂದು ಸಲ ತೊಡಿಸಿದ್ದಾರೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಈ ವರ್ಷದ ವಾರ್ಷಿಕೋತ್ಸವಕ್ಕೆ 'ಭೇದವಿಲ್ಲದ ಶಾಲೆ' ಎಂದು ಒಂದು ಬ್ಯಾನರು ಬರೆಸಿದರು. ಬ್ಯಾನರು ಬಂದ ಮೇಲೆ ತೋರಿಸಲು ಬೇರೆ ಥರದ ಮಗುವೊಂದು ಬೇಕಲ್ಲ? ಒಂಬತ್ತನೇ ಕ್ಲಾಸಿನ ಸ್ನೇಹಲತಾ ಸಿಕ್ಕಿದಳು. ಹುಟ್ಟಿನಿಂದಲೇ ಅವಳ ಎಡಗಾಲು ಗಿಡ್ಡ, ಕುಂಟುತ್ತಾ ನಡೆಯುತ್ತಾಳೆ.

ಆ ಹುಡುಗಿಗೆ ಬೇಕಾಗಿದ್ದದ್ದು ಶಾಲಲ್ಲ, ಕೋಲಾಟದಲ್ಲಿ ಒಂದು ಜಾಗ. ಹುಡುಗಿಯರು ಪ್ರಾಕ್ಟೀಸ್ ಮಾಡುವಾಗಲೆಲ್ಲ ಬೇಲಿಯಿಂದ ಮುರಿದ ಕಡ್ಡಿಗಳನ್ನೇ ಕೋಲು ಮಾಡಿಕೊಂಡು ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಳು. ಸೇರಿಸಿಕೊಳ್ಳಿ ಎಂದು ಕೇಳಿದ್ದಕ್ಕೆ ಗಂಗಾಧರಯ್ಯ ಮೇಷ್ಟ್ರು ತಲೆ ಸವರಿ, ಸ್ಟೇಜಿನ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲವಮ್ಮ, ನಿನಗೆ ಸನ್ಮಾನವೇ ಇದೆಯಲ್ಲ ಎಂದರಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಹೇಳಿದೆ, ನಿಮಗೆ ಸ್ಟೇಜಿನ ಶಿಸ್ತು ಗೊತ್ತಿಲ್ಲ ಮೇಡಂ ಎಂದು ನನ್ನ ಬಾಯಿಯನ್ನೇ ಮುಚ್ಚಿಸಿದರು.

ವಾರ್ಷಿಕೋತ್ಸವದ ದಿನ ಸ್ಟೇಜಿನ ನಡುವೆ ಕುರ್ಚಿ ಹಾಕಿ ಅವಳನ್ನು ಕೂರಿಸಿದರು. ಶಾಲು, ಹಾರ, ಹಾಸನದಿಂದ ತರಿಸಿದ ಹಣ್ಣಿನ ಬುಟ್ಟಿ. ಪೇಟ ಜಾರಿ ಮಗುವಿನ ಕಣ್ಣು ಮುಚ್ಚಿತು. ಇವಳೂ ನಮ್ಮವಳೇ ಎಂದು ಮೈಕಿನಲ್ಲಿ ಮತ್ತೆ ಮತ್ತೆ ಸಾರಿದರು. ನಮ್ಮವಳಾದರೆ ಸಾರುವುದೇಕೆ ಮಹರಾಯ? ಆಮೇಲೆ ಕೋಲಾಟದವರು ಹತ್ತಿದರು. ನೀನು ಅಲ್ಲೇ ಕೂತಿರಮ್ಮ, ಸುತ್ತ ಅವರು ಕುಣಿಯಲಿ, ಫೋಟೋ ಚೆನ್ನಾಗಿ ಬರುತ್ತದೆ ಎಂದರು ಮೇಷ್ಟ್ರು.

ಸ್ನೇಹಲತಾ ಎದ್ದಳು. ಪೇಟ ತೆಗೆದು ಅವರ ತಲೆಗಿಟ್ಟಳು, ಶಾಲು ಹೊದಿಸಿದಳು.

"ನೀವೇ ಕುಂತ್ಕಳಿ ಸಾ, ನಿಮ್ಗೇ ಒಪ್ತದೆ" ಅಂದಳು.

ಜನ ಚಪ್ಪಾಳೆ ತಟ್ಟಿದರು. ಸನ್ಮಾನ ಬಂದರೆ ಬೇಡವೆನ್ನುವ ಜೀವವೇ ಅದು? ಪುಣ್ಯಾತ್ಮ ಕೂತೇಬಿಟ್ಟರು. ಅಷ್ಟರಲ್ಲಿ ಗೆಳತಿ ತೇಜಶ್ರೀ ತನ್ನದೊಂದು ಕೋಲನ್ನು ಅವಳ ಕೈಗಿಟ್ಟು ಪಕ್ಕಕ್ಕೆ ಎಳೆದುಕೊಂಡಿದ್ದಳು. ಹಾಡುವವರು ಹಾಡನ್ನು ನಿಧಾನ ಮಾಡಿದರು, ಇಡೀ ಸುತ್ತು ಸ್ನೇಹಲತಾಳ ಹೆಜ್ಜೆಗೆ ಹೊಂದಿಕೊಂಡಿತು. ಸುಳ್ಳೇಕೆ ಹೇಳಲಿ, ನನಗೆ ಅಳು ಬಂತು.

ಈಗ ಆ ಫೋಟೋ ಆಫೀಸಿನ ಗೋಡೆಯ ಮೇಲಿದೆ. ನಡುವೆ ಪೇಟ ತೊಟ್ಟ ಗಂಗಾಧರಯ್ಯನವರು. ಮಕ್ಕಳೇ ಪ್ರೀತಿಯಿಂದ ಮಾಡಿದ್ದು ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ಸ್ನೇಹಲತಾಳೂ ನೋಡಲು ಬಂದಳು. ಫೋಟೋದ ಅಂಚಿನಲ್ಲಿ ಅವಳ ಎಡಗಾಲು ಮಾತ್ರ ಬಿದ್ದಿತ್ತು. ಮೇಷ್ಟ್ರಿಗೆ ಅಷ್ಟಿಷ್ಟು ನಾಚಿಕೆಯಾಗಿರಬೇಕು. ನಿನ್ನದು ಕಾಲೊಂದೇ ಬಂದಿದೆಯಲ್ಲಮ್ಮ ಎಂದರು.

"ಇರ್ಲಿ ಬುಡಿ ಸಾ," ಅಂದಳು ಅವಳು. "ಕುಣ್ದಿದ್ದು ಆ ಕಾಲೇ ಅಲ್ವಾ."