ಹೇಳದೆ ಉಳಿದ ಅರವತ್ತನೆಯ ಮನೆ

ಆರೋಗ್ಯ ನಿರೀಕ್ಷಕಿಯನ್ನು ಊರೆಲ್ಲ ತಕ್ಕದ್ದಮ್ಮ ಎಂದೇ ಕರೆಯುತ್ತಿತ್ತು. ಇಪ್ಪತ್ತಾರು ವರ್ಷ ಕಾಯಿದೆ ಪುಸ್ತಕ ಓದಿ ಓದಿ ಅದರ ಭಾಷೆ ಅವಳ ನಾಲಿಗೆಗೆ ಅಂಟಿಕೊಂಡಿತ್ತು. ಊಟಕ್ಕೆ ಮುಂಚೆ ಕೈ ತೊಳೆಯತಕ್ಕದ್ದು, ಕೊಡದ ಬಾಯಿ ಮುಚ್ಚತಕ್ಕದ್ದು ಎಂದು ಮನೆಯಲ್ಲೂ ಅದೇ ವರಸೆ. "ನಿಮ್ಮಮ್ಮ ನಂಗೆ ಮದುವೆ ಆಗತಕ್ಕದ್ದು ಅಂತ ನೋಟಿಸೇ ಕಳ್ಸಿದ್ಲು ಕಣೇ," ಎಂದು ಗಂಡ ಮಗಳ ಮುಂದೆ ಗೇಲಿ ಮಾಡುತ್ತಿದ್ದ. ಅವಳು ನಗುತ್ತಿರಲಿಲ್ಲ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವಳೂ ಅಲ್ಲ.

ಆ ಬೇಸಿಗೆಯ ದಿನ ಕೆಳಗಿನ ಬೀದಿಯಲ್ಲಿ ನಾಲ್ವರು ವಾಂತಿಭೇದಿ ಹಿಡಿದು ಮಲಗಿದ್ದರು. ಬೀದಿಯ ಟ್ಯಾಂಕಿನ ನೀರಿಗೆ ಅವಳು ಔಷಧದ ಹನಿ ಬಿಟ್ಟು ನೋಡಿದಳು. ಕ್ಲೋರಿನ್ ಇದ್ದರೆ ಹಳದಿ ಬಣ್ಣ ಬರಬೇಕು, ಬರಲಿಲ್ಲ. ನಾಲ್ಕು ಗಂಟೆಗೆ ಅದೇ ನೀರು ಅರವತ್ತು ಮನೆಗಳಿಗೆ ಹರಿಯಲಿತ್ತು.

ನಿಲ್ಲಿಸುವ ಅಧಿಕಾರ ಅವಳಿಗಿಲ್ಲ. ಅದಕ್ಕೆ ವೈದ್ಯಾಧಿಕಾರಿಯ ಸಹಿ ಬೇಕು. ಅವರು ಸಭೆ ಮುಗಿಸಿ ಎಲ್ಲೋ ದಾರಿಯಲ್ಲಿದ್ದರು, ಫೋನು ಸಿಗಲಿಲ್ಲ. ಅವರ ಕಚೇರಿಗೆ ಸುದ್ದಿ ಮುಟ್ಟಿಸಿದಳು. ಅವಳ ಪಾಲಿಗೆ ಕಾಯಿದೆಯಲ್ಲಿ ಇದ್ದದ್ದು ಒಂದೇ ಸಾಲು: ಸಂಶಯವಿದ್ದಾಗ ಪ್ರತಿ ಮನೆಗೂ ತಿಳಿಸಿದ ಬಳಿಕ ನೀರು ಬಿಡತಕ್ಕದ್ದು. ಬರೆದ ಪುಣ್ಯಾತ್ಮನಿಗೆ ಕುಡಿಯುವವರಿಗಿಂತ ಬಿಡುವುದೇ ದೊಡ್ಡದಾಗಿತ್ತೋ ಏನೋ.

"ಕಾಗದ ಇಲ್ದೆ ನಿಲ್ಸೋಕಾಗಲ್ಲಕ್ಕ," ಎಂದ ನೀರು ಬಿಡುವವನು. "ಹೋದ್ಸಲ ಹಾಗ್ಮಾಡಿ ಮೂರು ತಿಂಗಳು ಮನೇಲಿ ಕೂತೆ. ಎಲ್ರಿಗೂ ಹೇಳಾಯ್ತು ಅಂತ ನೀವಂದ್ರೆ ಬಿಡ್ಲೇಬೇಕು."

ಅವಳು ಹೊರಟಳು. ಬಿಸಿಲಿಗೆ ಬೀದಿ ತೆಳ್ಳಗಾಗಿ ತೇಲುತ್ತಿತ್ತು. ಬಾಗಿಲು ತೆರೆಯುತ್ತಿದ್ದವು, ಮುಖಗಳು ಬರುತ್ತಿದ್ದವು, ಮತ್ತೆ ಬಾಗಿಲು. ಎಲ್ಲ ಮನೆಯೂ ಒಂದೇ ಮನೆ, ತಾನು ಅದಕ್ಕೇ ಮತ್ತೆ ಮತ್ತೆ ಬರುತ್ತಿದ್ದೇನೆ ಎನಿಸಿತು. ಕುದಿಸಿ ಕುಡಿಯಿರಿ ಎಂಬ ತನ್ನದೇ ದನಿ ಗೋಡೆಯಾಚೆಯಿಂದ ಯಾರೋ ಹೇಳಿದಂತೆ ಕೇಳುತ್ತಿತ್ತು. ಕೆಲವರು ತಲೆಯಾಡಿಸಿದರು. ಹೆಚ್ಚಿನವರು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. "ಕನ್ನಡಿ ತರ ಇದೆ ನೀರು, ನಿಮ್ದೊಂದು," ಎಂದು ಒಬ್ಬ ಅಜ್ಜಿ ನಕ್ಕಳು.

ಐವತ್ತೊಂಬತ್ತು ಮುಗಿದವು. ಉಳಿದದ್ದು ಬೀದಿಯ ಕೊನೆಯ ಮನೆ, ಅವಳ ಮಗಳದು. ಮಗಳು ಏಳು ತಿಂಗಳ ಬಸುರಿ. ತನ್ನವರಿಗೇ ಮೊದಲು ಹೇಳಿದಳು ಎನ್ನುವ ಮಾತು ಬರಬಾರದೆಂದು ಆ ಮನೆಯನ್ನು ಕೊನೆಗಿಟ್ಟಿದ್ದಳು. ಹೊಸ್ತಿಲಲ್ಲಿ ಅವಳಿಗೆ ಹೊಳೆಯಿತು. ಇಲ್ಲಿ ಬಾಯಿ ಬಿಟ್ಟರೆ ಪಟ್ಟಿ ಪೂರ್ತಿಯಾಗುತ್ತದೆ, ನೀರು ಬರುತ್ತದೆ, ನಕ್ಕವರೆಲ್ಲ ಕುಡಿಯುತ್ತಾರೆ.

"ಏನಮ್ಮ ಈ ಹೊತ್ತಲ್ಲಿ?" ಆಗಷ್ಟೇ ನಿದ್ದೆಯಿಂದ ಎದ್ದ ಮಗಳು ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಳ್ಳುತ್ತಿದ್ದಳು. ನಿನ್ನೆ ಹಿಡಿದಿಟ್ಟ ನೀರು.

ತಾಯಿ ಲೋಟ ಕಿತ್ತುಕೊಂಡಳು. ಕೊಡವನ್ನೂ ಎತ್ತಿ ಅಂಗಳಕ್ಕೆ ಸುರಿದಳು. ಚೀಲದಿಂದ ತನ್ನ ಕುದಿಸಿದ ನೀರಿನ ಬಾಟಲಿ ತೆಗೆದು ಮುಂದಿಟ್ಟಳು.

"ನಿಂಗೇನಾಗಿದೆ ಇವತ್ತು? ಬಾಯಿಬಿಟ್ಟು ಹೇಳ್ಬಾರ್ದಾ?" ಮಗಳ ಕಣ್ಣು ತುಂಬಿತು. ಬೈದರೂ ಬಾಯಿಬಿಟ್ಟೇ ಬೈಯುತ್ತಿದ್ದ ಅಮ್ಮ ಹೀಗೆ ಮೂಕಿಯಂತೆ ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ. ತಾಯಿ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿಟ್ಟಳು. ಹೇಳಲಿಲ್ಲ.

ಕಿಟಕಿಯಲ್ಲಿ ನೀರು ಬಿಡುವವನ ತಲೆ ಕಾಣಿಸಿತು. "ಅಕ್ಕಾ, ನಾಲ್ಕಾಯ್ತು. ಎಲ್ಲಾ ಮನೆಗೂ ಹೇಳಾಯ್ತಾ?"

"ಇನ್ನೊಂದು ಬಾಕಿ ಇದೆ."

ಅವನು ಕೆಮ್ಮಿ, ಮಗಳ ಕಡೆ ತಿರುಗಿ, ಕೋರ್ಟಿನಲ್ಲಿ ನಿಂತವನಂತೆ ಕೇಳಿದ. "ತಂಗೀ, ನೀರಿನ ವಿಷಯ ಅಮ್ಮ ನಿಂಗೆ ಹೇಳಿದ್ರಾ? ಕೊನೇ ಮನೆಗೂ ಹೇಳದೆ ನಾನು ಬಿಡೋ ಹಾಗಿಲ್ಲ."

ಮಗಳು ಒದ್ದೆಯಾದ ಅಂಗಳ ನೋಡಿದಳು. ಅಮ್ಮ ಕೊಟ್ಟ ಬಾಟಲಿ ನೋಡಿದಳು. ಕಣ್ಣೊರೆಸಿಕೊಂಡಳು.

"ಇಲ್ಲಣ್ಣ. ನಮ್ಮಮ್ಮ ನಂಗೇನೂ ಹೇಳಿಲ್ಲ. ನಾನು ಮಲಗ್ತೀನಿ, ಯಾರೂ ಏನೂ ಹೇಳೋದು ಬೇಡ."

ನೀರು ನಿಲ್ಲಿಸುವ ಆದೇಶದ ಕಾಗದ, ವೈದ್ಯಾಧಿಕಾರಿಯ ಸಹಿಯೊಂದಿಗೆ, ಬಂದದ್ದು ಐದೂವರೆಗೆ. ಅಲ್ಲಿಯವರೆಗೂ ಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಎರಡೂ ಕಿವಿ ಮುಚ್ಚಿಕೊಂಡು ಮಲಗಿದ್ದಳು.