ರುದ್ರಮೂರ್ತಿಯವರ ಕಣ್ಣಳತೆ ಬಿ.ಪಿ.

ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ಮೂವತ್ತೆರಡು ವರ್ಷ ಚೀಲ ತೂಗಿದ ರುದ್ರಮೂರ್ತಿಯವರಿಗೆ ಒಂದು ಹೆಮ್ಮೆಯಿತ್ತು. ಚೀಲವನ್ನು ತಕ್ಕಡಿಗೆ ಇಡುವ ಮೊದಲೇ ಅದರ ತೂಕ ಹೇಳಿಬಿಡುತ್ತಿದ್ದರು. ಒಂದು ಕಿಲೋ ಆಚೀಚೆ ಆಗುತ್ತಿರಲಿಲ್ಲ. ತಕ್ಕಡಿ ಬರೀ ಸಾಕ್ಷಿಗೆ ಎಂಬುದು ಅವರ ವಾದ. ಈ ಹೆಮ್ಮೆ ಮಂಡಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಕೆಲಸ ಬಿಟ್ಟ ದಿನ ಅದೂ ಅವರ ಜೊತೆಗೇ ಮನೆಗೆ ಬಂತು.

ಮರುವರ್ಷ ಕಾಲು ಊದಿಕೊಂಡಿತು. ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಅರ್ಧಕ್ಕರ್ಧ ಸೋತಿತ್ತು. ವಾರಕ್ಕೊಮ್ಮೆ ತರೀಕೆರೆಗೆ ಬರುವ ಕಿಡ್ನಿ ಡಾಕ್ಟರ್ ಧನ್ಯಶ್ರೀ ಮುಚ್ಚುಮರೆ ಮಾಡಲಿಲ್ಲ.

"ನಿಮ್ಮ ಕಿಡ್ನೀನ ತಿಂತಿರೋದು ಬಿ.ಪಿ. ಮನೇಲೇ ಒಂದು ಮಿಶಿನ್ ಇಟ್ಕೊಳ್ಳಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ. ಮಾತಾಡದೆ ಐದು ನಿಮಿಷ ಒರಗಿ ಕೂತು ನೋಡ್ಬೇಕು. ನೀವು ಬರ್ಕೊಂಡು ಬರೋದನ್ನ ನೋಡಿನೇ ನಾನು ಮಾತ್ರೆ ಹೆಚ್ಚು ಕಮ್ಮಿ ಮಾಡೋದು. ಉಳಿದಿರೋ ಕಿಡ್ನಿ ಉಳಿಸ್ಕೊಳ್ಳೋದು ನಿಮ್ಮ ಕೈಲೇ ಇದೆ."

ಮಿಶಿನ್ ಬಂತು. ಮೊದಲ ಸಲ ಕಟ್ಟಿದಾಗಲೇ ನೂರ ಎಪ್ಪತ್ತೆರಡು ತೋರಿಸಿತು. ಹೊಸ ಮಿಶಿನ್ನು ಮೊದಮೊದಲು ಹೆಚ್ಚು ತೋರಿಸುವುದುಂಟು ಎಂದು ರುದ್ರಮೂರ್ತಿಯವರು ತೀರ್ಪು ಕೊಟ್ಟರು. ಅಷ್ಟರಲ್ಲಿ ಎದುರುಮನೆಯ ಓಬಳಪ್ಪ ಜಗಲಿ ಹತ್ತಿ, "ನಂದೂ ಸ್ವಲ್ಪ ನೋಡಣ್ಣ" ಎಂದು ತೋಳು ಚಾಚಿದ. ಕೆಲಸ ಕೆಟ್ಟಿದ್ದು ಅಲ್ಲೇ.

ಹದಿನೈದು ದಿನದಲ್ಲಿ ಜಗಲಿಯೇ ಆಸ್ಪತ್ರೆಯಾಯಿತು. ಹಿಂದಿನ ಬೀದಿಯ ಮಹಬೂಬ್ ಬಿ ಕೂಡ ಸೊಸೆಯನ್ನು ಕರೆದುಕೊಂಡು ಬರತೊಡಗಿದರು. ರುದ್ರಮೂರ್ತಿಯವರು ಬಂದವರ ಮುಖವನ್ನೊಮ್ಮೆ ದಿಟ್ಟಿಸಿ, "ನಿಂದು ನೂರ ನಲವತ್ತು ಕಣೋ" ಎಂದು ಮೊದಲೇ ಹೇಳಿಬಿಡುವರು. ಮಿಶಿನ್ ಬೇರೆ ಹೇಳಿದರೆ ಅದು ದಾರಿಗೆ ಬರುವವರೆಗೂ ಮತ್ತೆ ಮತ್ತೆ ಪಟ್ಟಿ ಕಟ್ಟುವರು. ಉಪ್ಪು ಬಿಡಿ, ಉಪ್ಪಿನಕಾಯಿ ಮುಟ್ಟಬೇಡಿ ಎಂದು ಎಲ್ಲರಿಗೂ ಉಪದೇಶ. ಒಳಗೆ ಊಟಕ್ಕೆ ಕೂತರೆ ಮಾತ್ರ ಮಾವಿನಮಿಡಿ ಭರಣಿ ಪಕ್ಕದಲ್ಲೇ ಇರಬೇಕು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

"ಊರೋರ ತೋಳಿಗೆಲ್ಲಾ ಕಟ್ತೀರಲ್ಲಾ, ನಿಮ್ಮ ತೋಳಿಗೆ ಯಾವಾಗ?" ಎಂದು ಹೆಂಡತಿ ಮಲ್ಲಿಕಾಂಬ ಕೇಳಿದರೆ ಸಿಟ್ಟು ಬರುತ್ತಿತ್ತು.

"ತಲೆನೋವಿಲ್ಲ, ತಲೆಸುತ್ತಿಲ್ಲ. ನನ್ನ ಮೈ ನಂಗೆ ಗೊತ್ತಾಗಲ್ವೇನೇ? ಮೆಲ್ಲಗೆ ಮಾತಾಡು. ಬಿ.ಪಿ. ನೋಡೋನಿಗೇ ಬಿ.ಪಿ. ಅಂದ್ರೆ ನಾಳೆಯಿಂದ ಜಗಲಿಗೆ ಯಾರು ಬತ್ತಾರೆ?"

ನಿಜವೇನೆಂದರೆ ಅವರಿಗೆ ಆ ನೂರ ಎಪ್ಪತ್ತೆರಡನ್ನು ಇನ್ನೊಮ್ಮೆ ನೋಡಲು ಭಯ. ಭಯವನ್ನು ಒಪ್ಪಿಕೊಳ್ಳುವುದಕ್ಕಿಂತ ಗತ್ತು ತೋರಿಸುವುದು ಸುಲಭ. ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಬಿ.ಪಿ. ಬರೆಯುವ ಪುಸ್ತಕ ತೆಗೆದು ಹದಿನೈದು ದಿನದ್ದನ್ನೂ ಒಂದೇ ಸಲಕ್ಕೆ ಕೂತು ಬರೆಯುತ್ತಿದ್ದರು: ನೂರ ಇಪ್ಪತ್ತೆಂಟು, ನೂರ ಮೂವತ್ತೆರಡು, ನೂರ ಇಪ್ಪತ್ತಾರು. ಅನುಮಾನ ಬಾರದಿರಲೆಂದು ಎರಡು ಪೆನ್ನು ಬೇರೆ.

ಡಾಕ್ಟರು ತಾವು ನೋಡಿದಾಗ ನೂರ ಎಪ್ಪತ್ತೆಂಟು ಬಂತು. ಪುಸ್ತಕ ನೋಡಿ ಅವರ ಮುಖ ಅರಳಿತು. "ಆಸ್ಪತ್ರೆಗೆ ಬಂದ್ರೆ ಕೆಲವರಿಗೆ ಗಾಬರಿಗೇ ಏರುತ್ತೆ. ಮನೇಲಿ ನೋಡಿದ್ದೇ ಸರಿ. ಮಾತ್ರೆ ಹೆಚ್ಚಿಸೋದು ಬೇಡ" ಎಂದರು. ಮಲ್ಲಿಕಾಂಬ ಬಾಯಿ ತೆರೆಯುವಷ್ಟರಲ್ಲಿ ರುದ್ರಮೂರ್ತಿಯವರು ಕಣ್ಣು ಕೆಕ್ಕರಿಸಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ, "ನೋಡಿದ್ಯಾ, ಡಾಕ್ಟ್ರೇ ಒಪ್ಕೊಂಡ್ರು" ಎಂದು ಮೀಸೆ ತಿರುವಿದರು.

ಹೀಗೆ ಎಂಟು ತಿಂಗಳು ನಡೆಯಿತು. ಪುಸ್ತಕದಲ್ಲಿ ಬಿ.ಪಿ. ಬಂಗಾರದಂತಿತ್ತು, ರಕ್ತದಲ್ಲಿ, ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ ಮಾತ್ರ ಎರಡರಿಂದ ಮೂರೂವರೆಗೆ ಏರಿತ್ತು. ಮಿಶಿನ್ನೇ ಕೆಟ್ಟಿರಬೇಕೆಂದು ಡಾಕ್ಟರು ಅದನ್ನು ತರಿಸಿದರು. ತಮ್ಮದನ್ನೂ ಅದನ್ನೂ ಒಂದಾದ ಮೇಲೊಂದು ಕಟ್ಟಿದರು. ಒಂದು ನೂರ ಎಂಬತ್ನಾಲ್ಕು ಎಂದಿತು, ಇನ್ನೊಂದು ನೂರ ಎಂಬತ್ತಾರು. ಮಿಶಿನ್ನಿಗೆ ಏನೂ ಆಗಿರಲಿಲ್ಲ. ಆಮೇಲೆ ಹಳೆಯ ಅಂಕಿಗಳನ್ನು ತೋರಿಸುವ ಗುಂಡಿ ಒತ್ತಿದರು. ನೂರ ಹನ್ನೆರಡು, ನೂರ ಐವತ್ತು, ತೊಂಬತ್ತೆಂಟು, ಹೀಗೆ ಮಿಶಿನ್ನಿನ ತುಂಬ ಇಡೀ ಬೀದಿ ಕೂತಿತ್ತು.

"ಇದೆಲ್ಲಾ ಯಾರ್ದು?"

"ಓಬಳಪ್ಪಂದು, ಮಹಬೂಬ್ ಬೀದು..."

"ನಿಮ್ಮದು?"

"ಅವರದ್ದು ಅಂದಾಜು, ಡಾಕ್ಟ್ರೇ" ಎಂದರು ಮಲ್ಲಿಕಾಂಬ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಆವತ್ತೇ ಇನ್ನೊಂದು ಮಾತ್ರೆ ಕೊಟ್ಟಿದ್ರೆ ಕಿಡ್ನಿ ಇಷ್ಟು ಬೇಗ ಈ ಸ್ಥಿತಿಗೆ ಬರ್ತಿರ್ಲಿಲ್ಲ. ಹೋಗಿರೋ ಕಿಡ್ನಿ ವಾಪಸ್ ಬರಲ್ಲ. ಇನ್ನೂ ಹಿಂಗೇ ಮಾಡಿದ್ರೆ ಡಯಾಲಿಸಿಸ್ಸೇ ಗತಿ" ಎಂದು ಹೊಸ ಮಾತ್ರೆ ಬರೆದರು. ಇಡೀ ಊರಿನ ಲೆಕ್ಕ ಹಿಡಿದ ರುದ್ರಮೂರ್ತಿಯವರು ತಮ್ಮ ಜೀವದ ಲೆಕ್ಕವನ್ನೇ ತಪ್ಪಿಸಿದ್ದರು.

ಆ ಸಂಜೆಯೂ ಜಗಲಿ ತುಂಬಿತ್ತು. ರುದ್ರಮೂರ್ತಿಯವರು ಎಲ್ಲರೆದುರು ತಮ್ಮ ತೋಳಿಗೇ ಪಟ್ಟಿ ಕಟ್ಟಿಕೊಂಡರು. ಬಂದ ಅಂಕಿಯನ್ನು ಗಟ್ಟಿಯಾಗಿ ಓದಿದರು: "ನೂರ ಎಂಬತ್ತು. ನಂಗೆ ಕಿಡ್ನಿ ಕಾಯಿಲೆ ಐತೆ ಕಣ್ರಪ್ಪಾ. ಇಷ್ಟು ದಿನ ನಾನು ಹೇಳಿದ್ದು, ಬರೆದಿದ್ದು ಎಲ್ಲಾ ಸುಳ್ಳು."

ಓಬಳಪ್ಪ ಮಿಶಿನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕೆಟ್ಟೋಗೈತೆ ಬಿಡಣ್ಣ. ಕಡೂರಲ್ಲಿ ನನ್ನ ಭಾವಮೈದ ಹೊಸದು ತಂದವ್ನೆ, ಅದ್ರಲ್ಲಿ ಎಲ್ರಿಗೂ ಕಮ್ಮೀನೇ ಬತ್ತದಂತೆ" ಎಂದು ಎದ್ದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಸುಳ್ಳನ್ನು ಎಂಟು ತಿಂಗಳು ನಂಬಿದ ಬೀದಿಗೆ ನಿಜವನ್ನು ಎರಡು ನಿಮಿಷ ನಂಬಲು ಆಗಲಿಲ್ಲ.

ರುದ್ರಮೂರ್ತಿಯವರು ಪುಸ್ತಕ ತೆಗೆದರು. ಅಭ್ಯಾಸಬಲ ನೋಡಿ, ಪೆನ್ನು ತಾನೇ ತಾನಾಗಿ ನೂರ ಮೂವತ್ತರ ಕಡೆ ಹೊರಟಿತ್ತು. ಮಲ್ಲಿಕಾಂಬ ಬಂದು ಅದನ್ನು ಅವರ ಕೈಯಿಂದ ಕಿತ್ತುಕೊಂಡು, ನೂರ ಎಂಬತ್ತು ಎಂದು ತಾವೇ ಬರೆದರು.