ಐವತ್ನಾಲ್ಕು ತುಂಡಿನ ಕೌದಿ

ಇವತ್ತು ಮಗಳ ಗಣಿತದ ನೋಟ್‌ಬುಕ್ಕಿನಲ್ಲಿ ಸರಿಯಾದ ಉತ್ತರದ ಮೇಲೆ ಕೆಂಪು ಗೀಟು ಕಂಡೆ: 'ಸೂತ್ರ ಎಲ್ಲಿ?' ತಟ್ಟನೆ ಹಳೇ ಸೀರೆಗಳ ವಾಸನೆ ಮೂಗಿಗೆ ಬಂತು.

ಮುನವಳ್ಳಿಯ ನಮ್ಮ ಪಡಸಾಲೆಯಲ್ಲಿ ಆಯಿ, ಅಂದರೆ ನನ್ನ ಅಜ್ಜಿ, ಹಳೇ ಸೀರೆಯ ತುಂಡು ಜೋಡಿಸಿ ಊರಿಗೆಲ್ಲ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಅವಳ ಪಕ್ಕ ಕೂತು ಹನ್ನೆರಡು ಬೆರಳಿಗೊಂದು ಗೇಣು ಎಂದು ಎಣಿಸುತ್ತಲೇ ನಾನು ಲೆಕ್ಕ ಕಲಿತೆ. ಆ ಲೆಕ್ಕಕ್ಕೆ ಸಾಲೆಯಲ್ಲಿ ಸೊನ್ನೆ. ಸೂತ್ರ ಬರೆಯದ ಉತ್ತರ ನಮ್ಮ ಗಣಿತದ ಮಾಸ್ತರರಿಗೆ ಉತ್ತರವೇ ಅಲ್ಲ.

ಒಮ್ಮೆ ಆ ಮಹಾಶಯರೇ ಕೌದಿ ಹೊಲಿಸಲು ಬಂದರು. ಗೇಣುದ್ದ, ಗೇಣಗಲದ ಐವತ್ನಾಲ್ಕು ತುಂಡುಗಳನ್ನು ತಾವೇ ಕತ್ತರಿಸಿ ತಂದಿದ್ದರು. "ಉದ್ದ ಒಂಬತ್ತು ಗೇಣು, ಅಗಲ ಆರು. ಗುಣಿಸೀನಿ, ಬರೋಬ್ಬರಿ ಐತಿ," ಎಂದರು.

"ಸರ್, ಹೊಲಿಯೂಮುಂದ ಒಂದೊಂದು ತುಂಡಿಗೆ ಎರಡು ಬೆರಳು ಮಡಿಕಿಗೆ ಹೋಗತೈತ್ರಿ. ಉದ್ದದಾಗ ಒಂದೂವರಿ ಗೇಣು ಕಡಿಮಿ ಬೀಳತೈತ್ರಿ," ಎಂದೆ.

"ಸೂತ್ರ ಗೊತ್ತಿಲ್ದಾಕಿ ನನಗ ಕಲಸ್ತಿ ಏನ? ಬಾಯಿ ಮುಚ್ಚ!"

ಆಯಿ ಅಷ್ಟೇ ತುಂಡು ಹೊಲಿದುಕೊಟ್ಟಳು. ವಾರದೊಳಗೆ ಮಾಸ್ತರರು ಹಾಜರು. "ಆಯಿ, ಕಾಲು ಹೊರಗ ಬರತಾವಲ್ಲಬೇ!"

ಆಯಿ ಸೂಜಿಯಿಂದ ಕಣ್ಣೆತ್ತಲಿಲ್ಲ. "ಕಾಲಿಗೆ ನಿಮ್ಮ ಸೂತ್ರ ಹೊಚ್ಗೊಳ್ರಿ, ಮಾಸ್ತರ."

"ಅವ್ವಾ, ನನ್ನ ಲೆಕ್ಕ ತಪ್ಪೇನ?" ಮಗಳು ಕೇಳುತ್ತಿದ್ದಾಳೆ.

"ಇಲ್ಲವ್ವ, ಬರೋಬ್ಬರಿ ಐತಿ. ತಿದ್ದಿದವರ ಕಾಲು ಹೊರಗದಾವ."